ಇಂಪ್ಲಾಂಟ್ ಕ್ಯಾಪಿಗೆ ಯಾವ ಟೆಂಪರರಿ ಸಿಮೆಂಟು? ಹಿಡಿತ ಎಷ್ಟಿದ್ದರೆ ಸಾಕು?

ಸಂಕ್ರಾಂತಿಯ ಮರುದಿನ ನಮ್ಮ ಕ್ಲಿನಿಕ್ಕಿಗೆ ಟಿಶ್ಯೂ ಪೇಪರಿನಲ್ಲಿ ಕ್ಯಾಪ್ ಸುತ್ತಿಕೊಂಡು ಒಬ್ಬರಾದರೂ ಬರುತ್ತಾರೆ. ಕಬ್ಬು ಸಿಗಿದವರು, ಎಳ್ಳುಬೆಲ್ಲದ ಕೊಬ್ಬರಿ ಚೂರು ಕಡಿದವರು. "ಡಾಕ್ಟ್ರೇ, ಅಷ್ಟು ದುಡ್ಡು ಕೊಟ್ಟು ಇಂಪ್ಲಾಂಟ್ ಹಾಕಿಸ್ಕೊಂಡಿದ್ದು, ಹಿಂಗೆ ಕಳಚಿ ಬಿದ್ರೆ ಹೇಗೆ?" ಅಂತ ಕೇಳುತ್ತಾರೆ. ಇದಕ್ಕೆ ಪೂರಾ ಉಲ್ಟಾ ದೂರು ಕಿರಿಯ ದಂತವೈದ್ಯರದು. "ಮೇಡಂ, ಒಳಗೆ ಸ್ಕ್ರೂ ಸಡಿಲ ಆಗಿದೆ. ಕ್ಯಾಪ್ ಬಿಚ್ಚೋಣ ಅಂದ್ರೆ ಅಲ್ಲಾಡ್ತಾನೇ ಇಲ್ಲ. ಟೆಂಪರರಿ ಸಿಮೆಂಟೇ ಹಾಕಿದ್ದೆ!"

ಎರಡೂ ನನಗೆ ಆಗಿದೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರ ಕ್ಯಾಪ್ ಎರಡು ತಿಂಗಳಲ್ಲಿ ಮೂರು ಸಲ ಬಿತ್ತು. ಸಿಟ್ಟಿನಲ್ಲಿ ಮುಂದಿನ ಪೇಶಂಟಿಗೆ ಗಟ್ಟಿ ಸಿಮೆಂಟ್ ಹಾಕಿದೆ. ವರ್ಷ ಕಳೆದು ಪಿಂಗಾಣಿ ಚಕ್ಕೆ ಎದ್ದಾಗ ಆ ಕ್ಯಾಪ್ ಬಿಡಿಸಲಾಗದೆ ಕೊಯ್ದು ತೆಗೆಯಬೇಕಾಯಿತು. ಹೊಸ ಕ್ಯಾಪಿನ ಲ್ಯಾಬ್ ಬಿಲ್ಲು ನನ್ನ ಜೇಬಿನಿಂದಲೇ ಹೋಯಿತು. ಅಂದಿನಿಂದ "ಯಾವುದು ಜಾಸ್ತಿ ಗಟ್ಟಿ" ಎಂದು ಕೇಳುವುದನ್ನು ಬಿಟ್ಟೆ. ಈ ಬಾಯಿಗೆ, ಕ್ಯಾಪ್ ಕೂರುವ ಈ ಗೂಟಕ್ಕೆ ಎಷ್ಟು ಹಿಡಿತ ಸಾಕು ಎಂದು ಮೊದಲು ನೋಡುತ್ತೇನೆ.

ಇದನ್ನು ಬರೆದಿರುವುದು ಹೆಚ್ಚಾಗಿ ಸಣ್ಣ ಊರಿನಲ್ಲಿ ಒಂದೆರಡು ಟ್ಯೂಬ್ ಇಟ್ಟುಕೊಂಡು ಕೆಲಸ ಮಾಡುವ ದಂತವೈದ್ಯರಿಗಾಗಿ. ಕ್ಯಾಪ್ ಹಾಕಿಸಿಕೊಳ್ಳಲು ಹೊರಟವರೂ ಓದಬಹುದು, ಕಷ್ಟವೇನಿಲ್ಲ.

ಪರ್ಮನೆಂಟ್ ಕ್ಯಾಪಿಗೆ ಟೆಂಪರರಿ ಸಿಮೆಂಟ್ ಯಾಕೆ?

ಸ್ವಂತ ಹಲ್ಲಿನ ಮೇಲಿನ ಕ್ಯಾಪಿನ ಸಿಮೆಂಟ್ ಕರಗಿದರೆ ಒಳಗೆ ಹುಳುಕು ಹತ್ತುತ್ತದೆ. ಅದಕ್ಕೇ ಅಲ್ಲಿ ಗಟ್ಟಿ ಸಿಮೆಂಟ್ ಬೇಕೇ ಬೇಕು. ಇಂಪ್ಲಾಂಟ್ ಅಂದರೆ ಎಲುಬಿನೊಳಗಿನ ಟೈಟಾನಿಯಂ ಸ್ಕ್ರೂ. ಅದರ ಮೇಲೆ ಅಬಟ್ಮೆಂಟ್ ಎಂಬ ಸಣ್ಣ ಗೂಟ, ಗೂಟದ ಮೇಲೆ ಕ್ಯಾಪ್. ಟೈಟಾನಿಯಂ ಹುಳುಕಾಗುವುದಿಲ್ಲ. ಆದರೆ ಗೂಟವನ್ನು ಹಿಡಿದಿರುವ ಒಳಸ್ಕ್ರೂ ಎಂದಾದರೂ ಸಡಿಲವಾಗಬಹುದು, ಪಿಂಗಾಣಿ ಒಡೆಯಬಹುದು, ವಸಡಿನ ತಪಾಸಣೆಗೆ ಬಿಚ್ಚಬೇಕಾಗಬಹುದು. ಆಗ ಕ್ಯಾಪ್ ಹಾಳಾಗದೆ ಈಚೆಗೆ ಬರಬೇಕು. ಹಾಗಾಗಿ ಎಷ್ಟೋ ವೈದ್ಯರು ಕೊನೆಯ ಕ್ಯಾಪನ್ನೂ ಟೆಂಪರರಿ ಸಿಮೆಂಟಿನಲ್ಲೇ ಕೂರಿಸುತ್ತಾರೆ. ಪೇಶಂಟ್‌ಗಳು ಇದನ್ನು ಮೋಸ ಅಂದುಕೊಳ್ಳಬೇಕಾಗಿಲ್ಲ.

ಏನೇನು ನೋಡಬೇಕು

ಮೊದಲನೆಯದು ಹಿಡಿತ. ಇದನ್ನು ಅಳೆಯುವ ರೀತಿ ಗೊತ್ತಿದ್ದರೆ ಕಂಪನಿಯ ಹಾಳೆಯಲ್ಲಿರುವ ಅಂಕಿಗಳಿಗೆ ಮರುಳಾಗುವುದಿಲ್ಲ. ಪೀಜಿ ಮಾಡುವವರು ಅಬಟ್ಮೆಂಟಿಗೆ ಕ್ಯಾಪ್ ಅಂಟಿಸಿ, ಡಬ್ಬಿಯಲ್ಲಿ ತುಂಬಿಕೊಂಡು, ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಯೂನಿವರ್ಸಲ್ ಟೆಸ್ಟಿಂಗ್ ಮಷಿನ್ ಹುಡುಕಿಕೊಂಡು ಹೋಗುತ್ತಾರೆ. ಮಷಿನ್ ಕ್ಯಾಪನ್ನು ನಿಧಾನವಾಗಿ ಮೇಲಕ್ಕೆ ಎಳೆಯುತ್ತದೆ. ಅದು ಕಳಚಿದಾಗ ಎಷ್ಟು ನ್ಯೂಟನ್ ಬಲ ಇತ್ತೋ ಅದೇ ಹಿಡಿತದ ಲೆಕ್ಕ. ಎಳೆಯುವ ಮೊದಲು 5 ಡಿಗ್ರಿ ತಣ್ಣೀರಿಗೂ 55 ಡಿಗ್ರಿ ಬಿಸಿನೀರಿಗೂ ನೂರಾರು, ಸಾವಿರಾರು ಸಲ ಅದ್ದುವುದುಂಟು. ಬಿಸಿ ಕಾಫಿ, ಐಸ್‌ಕ್ರೀಮ್ ಎರಡನ್ನೂ ತಿನ್ನುವ ಬಾಯಿಯ ಅನುಕರಣೆ ಅದು. ಹಾಗೆ ಅದ್ದಿದ ಮೇಲೆ ಜಿಂಕ್ ಆಕ್ಸೈಡ್ ಜಾತಿಯ ಸಿಮೆಂಟುಗಳ ಹಿಡಿತ ಸಾಮಾನ್ಯವಾಗಿ ಇಳಿಯುತ್ತದೆ.

ಒಂದು ಪ್ರಯೋಗದ ನ್ಯೂಟನ್ನನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಡಿ. ಅಬಟ್ಮೆಂಟಿನ ಎತ್ತರ, ಕ್ಯಾಪಿನ ಲೋಹ, ನೀರಿನಲ್ಲಿಟ್ಟ ದಿನಗಳು, ಎಲ್ಲವೂ ಬೇರೆ ಇರುತ್ತವೆ. ಒಂದೇ ಪ್ರಯೋಗದೊಳಗೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಕ್ರಮವನ್ನಷ್ಟೇ ನಂಬಿ. ಅದೂ ಅಲ್ಲದೆ ಮಷಿನ್ ನೇರ ಮೇಲಕ್ಕೆ ಎಳೆಯುತ್ತದೆ. ಚಿಕ್ಕಿ ಕಡಿಯುವಾಗ ದವಡೆ ಎಳೆಯುವುದು ಅಷ್ಟು ನೇರವಾಗಿ ಅಲ್ಲ.

ಎರಡನೆಯದು ಬಿಡಿಸುವ ಸುಲಭ. ಕ್ಯಾಪ್ ಬಿಡಿಸುವ ಸಾಧನ ಕ್ರೌನ್ ರಿಮೂವರಿನ ಎರಡು ಸಣ್ಣ ಏಟಿಗೆ ಬರಬೇಕು. ಹತ್ತು ಏಟು ಹಾಕಿದರೆ ಪೇಶಂಟಿಗೆ ತಲೆಯೇ ಅದುರುತ್ತದೆ, ಒಳಸ್ಕ್ರೂವಿಗೂ ಪೆಟ್ಟು.

ಮೂರನೆಯದನ್ನು ನಾನು ಹಿಡಿತಕ್ಕಿಂತ ಮೇಲೆ ಇಡುತ್ತೇನೆ. ಅಂಚಿನಿಂದ ಉಕ್ಕಿ ಬಂದ ಸಿಮೆಂಟ್ ಪೂರ್ತಿ ತೆಗೆಯಲು ಆಗುತ್ತದಾ? ಉಳಿದರೆ ಎಕ್ಸ್‌ರೇಯಲ್ಲಿ ಕಾಣುತ್ತದಾ? ಸ್ವಂತ ಹಲ್ಲಿನ ಸುತ್ತ ವಸಡಿನ ನಾರುಗಳು ಬೇರಿಗೆ ಅಡ್ಡಲಾಗಿ ನೆಟ್ಟುಕೊಂಡು ಬೇಲಿ ಹಾಕಿರುತ್ತವೆ. ಇಂಪ್ಲಾಂಟಿನ ಸುತ್ತ ಆ ನಾರುಗಳು ಉದ್ದಕ್ಕೆ ಮಲಗಿರುತ್ತವೆ, ಸಿಮೆಂಟ್ ಸಲೀಸಾಗಿ ಕೆಳಗಿಳಿಯುತ್ತದೆ. ಅಮೆರಿಕದ ಥಾಮಸ್ ವಿಲ್ಸನ್ 2009ರಲ್ಲಿ, ಸುತ್ತಲಿನ ವಸಡು ಕೆಟ್ಟಿದ್ದ 42 ಇಂಪ್ಲಾಂಟ್‌ಗಳನ್ನು ಸಣ್ಣ ಎಂಡೋಸ್ಕೋಪ್ ಇಳಿಸಿ ನೋಡಿದರು. ಶೇ. 81ರಷ್ಟು ಕಡೆ ಉಳಿದ ಸಿಮೆಂಟ್ ಸಿಕ್ಕಿತು. ಅದನ್ನು ತೆಗೆದ ಮೇಲೆ ಸುಮಾರು ಮುಕ್ಕಾಲು ಭಾಗ ಇಂಪ್ಲಾಂಟ್‌ಗಳಲ್ಲಿ ತೊಂದರೆಯ ಲಕ್ಷಣ ಹೋಯಿತು. ಕ್ಯಾಪ್ ಬಿದ್ದರೆ ಮತ್ತೆ ಅಂಟಿಸಬಹುದು. ಎಲುಬು ಕರಗಿದರೆ ಅಂಟಿಸುವುದು ಯಾವುದನ್ನು?

ಇನ್ನು ವಸಡಿಗೆ, ಟೈಟಾನಿಯಂಗೆ ಹೊಂದುತ್ತದಾ ಅನ್ನುವುದು ಒಂದು, ಖರ್ಚು ಇನ್ನೊಂದು. ಬೆಲೆಯ ಬಗ್ಗೆ ಇಲ್ಲೇ ಹೇಳಿ ಮುಗಿಸುತ್ತೇನೆ. ಪೇಪರ್ ಪ್ಯಾಡಿನ ಮೇಲೆ ಕಲಸುವ ಎರಡು ಟ್ಯೂಬಿನ ಸಿಮೆಂಟ್ ಒಂದು ಕ್ಯಾಪಿನ ಲೆಕ್ಕಕ್ಕೆ ತೀರಾ ಅಗ್ಗ. ತಾನೇ ಬೆರೆಸಿಕೊಡುವ ಸಿರಿಂಜ್ ದುಬಾರಿ, ಸಾಲದ್ದಕ್ಕೆ ಪ್ರತಿ ಸಲವೂ ತುದಿಯ ನಳಿಕೆಯಲ್ಲಿ ಒಂದಿಷ್ಟು ಮಾಲು ವೇಸ್ಟು. ತಿಂಗಳಿಗೆ ಎರಡು ಇಂಪ್ಲಾಂಟ್ ಮಾಡುವವರ ಸಿರಿಂಜಿನ ಎಕ್ಸ್‌ಪೈರಿ ದಿನಾಂಕ ಮುಗಿದರೂ ಮಾಲು ಮುಗಿಯುವುದಿಲ್ಲ.

ಟ್ಯೂಬ್ ತೆರೆಯುವ ಮೊದಲು ಗೂಟ ನೋಡಿ

ಹಿಡಿತದ ಅರ್ಧ ಕಥೆ ಸಿಮೆಂಟಿನದಲ್ಲ, ಗೂಟದ್ದು. ಅಡುಗೆಮನೆಯಲ್ಲಿ ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಕೊಂಡದ್ದನ್ನು ನೆನೆಸಿಕೊಳ್ಳಿ. ಉದ್ದವಾಗಿ, ನೆಟ್ಟಗಿರುವ ಲೋಟಗಳು ಸಿಕ್ಕಿಕೊಂಡರೆ ಬಿಡಿಸುವುದು ಹರಸಾಹಸ. ಬಾಯಿ ಅಗಲವಾದ ಬಟ್ಟಲುಗಳು ಸಿಕ್ಕಿಕೊಳ್ಳುವುದೇ ಇಲ್ಲ. ಅಲ್ಲಿ ಅಂಟೂ ಇಲ್ಲ, ಸಿಮೆಂಟೂ ಇಲ್ಲ. ಡೆನ್ಮಾರ್ಕಿನ ಯೋರ್ಗೆನ್ಸನ್ 1955ರಲ್ಲೇ ಇದನ್ನು ಅಳೆದು ತೋರಿಸಿದರು: ಗೂಟದ ಓರೆ ಸ್ವಲ್ಪ ಹೆಚ್ಚಾದರೂ ಹಿಡಿತ ಭಾರಿ ವೇಗದಲ್ಲಿ ಕುಸಿಯುತ್ತದೆ. ಕಾರ್ಖಾನೆಯಿಂದ ಬರುವ ಅಬಟ್ಮೆಂಟುಗಳ ಓರೆ ಸಾಮಾನ್ಯವಾಗಿ 6 ಡಿಗ್ರಿ ಆಸುಪಾಸು. ಸ್ವಂತ ಹಲ್ಲನ್ನು ನಾವು ಕೈಯಲ್ಲಿ ಅಷ್ಟು ನೆಟ್ಟಗೆ ಉಜ್ಜುವುದು ಅಪರೂಪ. ಹಲ್ಲಿನ ಮೇಲೆ ನಿಲ್ಲದ ಟೆಂಪರರಿ ಸಿಮೆಂಟ್ ಇಂಪ್ಲಾಂಟ್ ಮೇಲೆ ವರ್ಷಗಟ್ಟಲೆ ನಿಲ್ಲುವ ಗುಟ್ಟು ಇದೇ.

ಆಮೇಲೆ ಎತ್ತರ. ಐಟಿಐ ಹೆಸರಿನ ಇಂಪ್ಲಾಂಟಿನ ಸಾಲಿಡ್ ಅಬಟ್ಮೆಂಟುಗಳು 4, 5.5 ಮತ್ತು 7 ಮಿ.ಮೀ. ಎತ್ತರದಲ್ಲಿ ಬರುತ್ತಿದ್ದವು. 7ರ ಮೇಲೆ ದುರ್ಬಲ ಸಿಮೆಂಟೂ ಜಗ್ಗುವುದಿಲ್ಲ. 4ರ ಮೇಲೆ ಅದೇ ಸಿಮೆಂಟ್ ಹಬ್ಬಕ್ಕೊಮ್ಮೆ ಕೈಕೊಡುತ್ತದೆ. ನನ್ನ ಲೆಕ್ಕದಲ್ಲಿ 5 ಮಿ.ಮೀ. ಒಂದು ಗಡಿ. ಅದಕ್ಕಿಂತ ಗಿಡ್ಡ ಗೂಟಕ್ಕೆ ಸಿಮೆಂಟಿನ ಯೋಚನೆಯೇ ಬದಲಾಗಬೇಕು. ಎದುರು ದವಡೆಯ ಹಲ್ಲಿಗೆ ತಾಗುತ್ತದೆಂದು ನಾವೇ ಉಜ್ಜಿ ಗಿಡ್ಡ ಮಾಡಿದ್ದನ್ನು ಮರೆತು ಸಿಮೆಂಟಿಗೆ ಬೈಯುವುದು ಬಹಳ ನಡೆಯುತ್ತದೆ.

ನುಣುಪಾದ ಗೂಟವನ್ನು 50 ಮೈಕ್ರಾನ್ ಅಲ್ಯುಮಿನಾ ಪುಡಿ ಊದಿ ಒರಟು ಮಾಡಿದರೆ ಹಿಡಿತ ಹೆಚ್ಚುತ್ತದೆ. ಇದನ್ನು ಬಾಯಿಯ ಹೊರಗೆ ಮಾಡಬೇಕು, ವಸಡಿನೊಳಗೆ ಕೂರುವ ಭಾಗಕ್ಕೆ ತಗಲಿಸಬಾರದು. ಲ್ಯಾಬಿನವರು ಕ್ಯಾಪಿನೊಳಗೆ ಬಿಟ್ಟ ಜಾಗವೂ ಲೆಕ್ಕಕ್ಕೆ ಬರುತ್ತದೆ. ಕ್ಯಾಪ್ ಒಣದಾಗಿ ಕೂರಿಸಿದಾಗಲೇ ಲೊಡಲೊಡ ಅಂದರೆ ಯಾವ ಟ್ಯೂಬೂ ಕಾಪಾಡದು. ಲ್ಯಾಬಿಗೆ ವಾಪಸ್ ಕಳಿಸಿ.

ಒಂದೊಂದಾಗಿ

*ಜಿಂಕ್ ಆಕ್ಸೈಡ್ ಯೂಜಿನಾಲ್.* ಕ್ಲಿನಿಕ್ಕಿಗೆ ಹೋದ ಕೂಡಲೇ ಬರುವ ಲವಂಗದ ವಾಸನೆ ಇದರದ್ದೇ. ಟೆಂಪ್‌ಬಾಂಡ್ ಎಲ್ಲರಿಗೂ ಗೊತ್ತಿರುವ ಹೆಸರು. ಹಿಡಿತದ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಕೆಳಗಿನ ಸಾಲಿನಲ್ಲಿರುತ್ತದೆ. ನನಗೆ ಅದೇ ಇಷ್ಟ. ಗಟ್ಟಿಯಾದ ಮೇಲೆ ಉಕ್ಕಿದ ಸಿಮೆಂಟ್ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಸತು ಇರುವುದರಿಂದ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಯೂಜಿನಾಲಿಗೆ ಬ್ಯಾಕ್ಟೀರಿಯಾ ತಡೆಯುವ ಗುಣವೂ ಇದೆ. ತೊಂದರೆ ಏನೆಂದರೆ ನಿಧಾನವಾಗಿ ಕರಗುತ್ತದೆ. ಜೊತೆಗೆ ಯೂಜಿನಾಲ್ ತಗುಲಿದರೆ ರಾಳ, ಅಂದರೆ ರೆಸಿನ್, ಸರಿಯಾಗಿ ಗಟ್ಟಿಯಾಗುವುದಿಲ್ಲ. ಕ್ಯಾಪ್ ಅಕ್ರಿಲಿಕ್ಕಿನದಾಗಿದ್ದರೆ, ಅಥವಾ ಮುಂದೆ ಅದೇ ಕ್ಯಾಪನ್ನು ರೆಸಿನ್ ಸಿಮೆಂಟಿನಲ್ಲಿ ಅಂಟಿಸುವ ಯೋಚನೆಯಿದ್ದರೆ ಇದು ಬೇಡ. ಎತ್ತರದ ಗೂಟದ ಮೇಲೆ ಇದೂ ಜಾಸ್ತಿ ಅನ್ನಿಸಿದರೆ ಕಲಸುವಾಗ ಚೂರು ವ್ಯಾಸಲೀನ್ ಸೇರಿಸಿ ಹಿಡಿತ ಇಳಿಸುವುದು ಹಳೇ ಉಪಾಯ. ಎಷ್ಟು ಸೇರಿಸಬೇಕು ಅನ್ನುವುದು ಮಾತ್ರ ಅಡುಗೆಗೆ ಉಪ್ಪು ಹಾಕಿದ ಹಾಗೆ, ಕೈ ಅಂದಾಜು.

*ಯೂಜಿನಾಲ್ ಇಲ್ಲದ ಜಿಂಕ್ ಆಕ್ಸೈಡ್.* ಟೆಂಪ್‌ಬಾಂಡ್ ಎನ್‌ಇ, ರಿಲೈಎಕ್ಸ್ ಟೆಂಪ್ ಎನ್‌ಇ ಈ ಜಾತಿ. ಲವಂಗದ ಎಣ್ಣೆಯ ಬದಲು ಬೇರೆ ಆಮ್ಲ. ಹಿಡಿತ ಅಣ್ಣನಷ್ಟೇ; ಕೆಲವು ಪ್ರಯೋಗಗಳಲ್ಲಿ ಒಂಚೂರು ಮೇಲೆ, ಕೆಲವದರಲ್ಲಿ ಕೆಳಗೆ. ರಾಳಕ್ಕೆ ತೊಂದರೆಯಿಲ್ಲ. ಲವಂಗದ ಅಲರ್ಜಿ ಇರುವವರಿಗೂ ಆಗುತ್ತದೆ. ಒಂದೇ ಟ್ಯೂಬ್ ಕೊಳ್ಳುವ ಬಜೆಟ್ ಇದ್ದರೆ ನಾನು ಹೇಳುವುದು ಇದನ್ನೇ.

*ರೆಸಿನ್ ಟೆಂಪರರಿ, ಅಂದರೆ "ಇಂಪ್ಲಾಂಟ್ ಸಿಮೆಂಟ್" ಹೆಸರಿನಲ್ಲಿ ಮಾರುವವು.* ಪ್ರೀಮಿಯರ್ ಇಂಪ್ಲಾಂಟ್ ಸಿಮೆಂಟ್, ಇಂಪ್ರೂವ್ ಮುಂತಾದವು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು, ಯಾಕೆಂದರೆ ಮಾರುವವರ ಹೊಗಳಿಕೆಯೆಲ್ಲ ಇವುಗಳಿಗೇ. ಹೊಗಳಿಕೆ ಸುಳ್ಳಲ್ಲ. ಬಾಯಿಯಲ್ಲಿ ಅಷ್ಟಾಗಿ ಕರಗುವುದಿಲ್ಲ, ಒಳಗೆ ಕೊಳೆತ ವಾಸನೆ ಬರುವುದು ಕಮ್ಮಿ. ಮುಂದಿನ ಹಲ್ಲಿನ ತೆಳು ಜಿರ್ಕೋನಿಯಾ ಕ್ಯಾಪಿನಡಿ ಬಿಳಿ ಬಣ್ಣ ಎದ್ದು ಕಾಣುವುದಿಲ್ಲ. ಹಿಡಿತವೂ ಜಾಸ್ತಿ. ಮಿಖಲಾಕಿಸ್ ಮತ್ತು ಸಂಗಡಿಗರು 2000ರಲ್ಲಿ ನಾಲ್ಕು ಟೆಂಪರರಿ ಸಿಮೆಂಟುಗಳನ್ನು ಹೋಲಿಸಿದಾಗ ಇಂಪ್ರೂವ್ ಎಲ್ಲಕ್ಕಿಂತ ಮೇಲಿತ್ತು, ಯೂಜಿನಾಲ್ ಇಲ್ಲದ ನೋಜೆನಾಲ್ ಎಲ್ಲಕ್ಕಿಂತ ಕೆಳಗಿತ್ತು.

ಆದರೆ ಚಾಂದೂರ್ ವಾಧ್ವಾನಿ ಮತ್ತು ಜೊತೆಗಾರರು 2010ರಲ್ಲಿ ಇಂಪ್ಲಾಂಟಿಗೆ ಬಳಸುವ ಸಿಮೆಂಟುಗಳ ಎಕ್ಸ್‌ರೇ ತೆಗೆದು ನೋಡಿದಾಗ, ಇಂಪ್ಲಾಂಟಿಗೆಂದೇ ಮಾರುವ ಕೆಲವು ರೆಸಿನ್ ಸಿಮೆಂಟುಗಳು ಕಾಣಲೇ ಇಲ್ಲ. ಸತುವಿನ ಸಿಮೆಂಟುಗಳು ಚೆನ್ನಾಗಿ ಕಂಡವು. ಜರ್ಮನಿಯಲ್ಲಿ ಕೋರ್ಶ್ ತಂಡ ಮೆಥಾಕ್ರಿಲೇಟ್ ಎಂಬ ರೆಸಿನ್ ಜಾತಿಯ ಸಿಮೆಂಟಿನಲ್ಲಿ ಕೂರಿಸಿದ್ದ ಕ್ಯಾಪುಗಳನ್ನು ಬಿಚ್ಚಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳ ಸುತ್ತ ಸಿಮೆಂಟ್ ಉಳಿದಿತ್ತು. ಅದನ್ನು ತೆಗೆದು ಜಿಂಕ್ ಆಕ್ಸೈಡ್ ಯೂಜಿನಾಲಿನಲ್ಲಿ ಮತ್ತೆ ಕೂರಿಸಿದ ಮೇಲೆ ವಸಡಿನ ರಕ್ತ ಬಹಳ ಮಟ್ಟಿಗೆ ನಿಂತಿತು. ಹಾಗಾಗಿ ಅಂಚು ವಸಡಿನ ಮಟ್ಟದಲ್ಲಿ, ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ನಾನು ರೆಸಿನ್ ಮುಟ್ಟುವುದು. ಒಳಗೆ ಹೂತ ಅಂಚಿಗೆ ಬೇಡ. ಕೊಳ್ಳುವುದೇ ಆದರೆ ಎಕ್ಸ್‌ರೇಯಲ್ಲಿ ಕಾಣುವ ಮಾಲೇ ಎಂದು ಕೇಳಿ ಕೊಳ್ಳಿ.

*ಪಾಲಿಕಾರ್ಬಾಕ್ಸಿಲೇಟ್.* ಮ್ಯಾಂಚೆಸ್ಟರಿನ ಡೆನಿಸ್ ಸ್ಮಿತ್ 1968ರಲ್ಲಿ ಕಂಡುಹಿಡಿದದ್ದು. ಪಾಠದಲ್ಲಿ ಓದಿದ್ದು ಪರ್ಮನೆಂಟ್ ಸಿಮೆಂಟ್ ಅಂತ. ಇಂಪ್ಲಾಂಟ್ ಮಾಡುವವರು ಇದನ್ನು ಅರೆ ಪರ್ಮನೆಂಟ್ ಎಂದು ಬಳಸುತ್ತಾರೆ; ಅಲ್ಟ್ರಾಟೆಂಪ್‌ನಂಥ ಟೆಂಪರರಿ ರೂಪವೂ ಇದೆ. ಪುಡಿ ಮತ್ತು ದ್ರವದ ಡ್ಯುರೆಲಾನ್ ಜಾತಿಯದು ಲೋಹವನ್ನು ಸಿಕ್ಕಾಪಟ್ಟೆ ಹಿಡಿಯುತ್ತದೆ. ಮೇಲೆ ಹೇಳಿದ ನನ್ನ ಲ್ಯಾಬ್ ಬಿಲ್ಲಿಗೆ ಕಾರಣವಾದದ್ದೂ ಈ ಜಾತಿಯೇ. ತಪ್ಪು ಸಿಮೆಂಟಿನದಲ್ಲ, 7 ಮಿ.ಮೀ. ಗೂಟಕ್ಕೆ ಅದನ್ನು ಹಾಕಿದವಳದು. ಗಿಡ್ಡ ಗೂಟಕ್ಕೆ ಇದು ಕೆಲಸಕ್ಕೆ ಬರುತ್ತದೆ. ಆದರೆ ಡ್ಯುರೆಲಾನಿನಂಥವು ಟೈಟಾನಿಯಂ ಮೇಲ್ಮೈಯನ್ನು ತಿನ್ನುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಗೂಟ ಬರೀ ಟೈಟಾನಿಯಂ ಆಗಿದ್ದರೆ ಡಬ್ಬಿಯೊಳಗಿನ ಸೂಚನೆ ಓದದೆ ಹಾಕಬೇಡಿ. ಇನ್ನೊಂದು: ರಬ್ಬರಿನ ಹಾಗೆ ಎಳೆದಾಡುವ ಹಂತದಲ್ಲಿ ಕೆರೆಯಬೇಡಿ, ಒಳಗಿನದೂ ಕಿತ್ತು ಬರುತ್ತದೆ. ಪೂರಾ ಗಟ್ಟಿಯಾಗಲಿ.

*ಗ್ಲಾಸ್ ಅಯೊನೊಮರ್, ಜಿಂಕ್ ಫಾಸ್ಫೇಟ್.* ಇವು ಟೆಂಪರರಿ ಅಲ್ಲ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಎಲ್ಲ ಕ್ಲಿನಿಕ್ಕಿನಲ್ಲೂ ಇರುತ್ತವೆ, ಅಗ್ಗ ಕೂಡ. ಗ್ಲಾಸ್ ಅಯೊನೊಮರ್ ಹಲ್ಲಿನ ಕ್ಯಾಲ್ಸಿಯಂ ಜೊತೆ ಕೈ ಹಿಡಿಯುತ್ತದೆ. ಟೈಟಾನಿಯಂ ಗೂಟದಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಹಾಗಾಗಿ ಹಲ್ಲಿನ ಮೇಲಿನ ಪೌರುಷ ಇಲ್ಲಿ ಇರುವುದಿಲ್ಲ, ಹಲವು ಪ್ರಯೋಗಗಳಲ್ಲಿ ಜಿಂಕ್ ಫಾಸ್ಫೇಟಿಗಿಂತ ಕೆಳಗೆ ನಿಂತಿದೆ. ಜಿಂಕ್ ಫಾಸ್ಫೇಟ್ ಯಾವುದಕ್ಕೂ ಅಂಟುವುದಿಲ್ಲ, ಸಂದಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಹಲ್ಲಿನ ಮೇಲೆ ಕಲಿತ ಕ್ರಮವನ್ನು ಇಂಪ್ಲಾಂಟಿಗೆ ಹಾಗೇ ಎತ್ತಿ ತಂದರೆ ಎಡವುತ್ತೇವೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಸಿಮೆಂಟೇ ಬೇಡ ಅಂದರೆ?

ಸ್ಕ್ರೂವಿನಿಂದಲೇ ಕ್ಯಾಪ್ ಬಿಗಿಯುವ ದಾರಿ ಇದ್ದೇ ಇದೆ. ಕ್ಯಾಪನ್ನು ಟೈಟಾನಿಯಂ ಬೇಸಿಗೆ ಬಾಯಿಯ ಹೊರಗೇ ಗಟ್ಟಿ ಸಿಮೆಂಟಿನಲ್ಲಿ ಅಂಟಿಸಿ, ಚೊಕ್ಕ ಮಾಡಿ, ಆಮೇಲೆ ಸ್ಕ್ರೂ ಬಿಗಿಯುವ ಪದ್ಧತಿಯೂ ಈಗ ಚೆನ್ನಾಗಿ ಬಳಕೆಯಲ್ಲಿದೆ. ಉಳಿದ ಸಿಮೆಂಟಿನ ಭಯವಿಲ್ಲ, ಬೇಕಾದಾಗ ಬಿಚ್ಚಬಹುದು. ಗೂಟ ಗಿಡ್ಡ, ಅಂಚು ವಸಡಿನೊಳಗೆ ಆಳ, ಎರಡೂ ಒಟ್ಟಿಗೆ ಇದ್ದರೆ ನಾನು ಸಿಮೆಂಟಿನ ಮಾತೇ ಎತ್ತುವುದಿಲ್ಲ. ಖರ್ಚು ಸ್ವಲ್ಪ ಏರುತ್ತದೆ. ಇಂಪ್ಲಾಂಟ್ ವಾಲಿದ್ದರೆ ಸ್ಕ್ರೂವಿನ ತೂತು ಮುಂದಿನ ಹಲ್ಲಿನ ಮುಖದಲ್ಲೇ ಬಂದುಬಿಡಬಹುದು. ಆಗ ಮತ್ತೆ ಸಿಮೆಂಟೇ ಗತಿ.

ನಿಮ್ಮ ಕೇಸಿಗೆ ಯಾವುದು?

ಒಂಟಿ ದವಡೆ ಹಲ್ಲು, ಗೂಟ 5 ಮಿ.ಮೀ.ಗಿಂತ ಎತ್ತರ: ಜಿಂಕ್ ಆಕ್ಸೈಡ್, ಯೂಜಿನಾಲ್ ಇದ್ದದ್ದೋ ಇಲ್ಲದ್ದೋ. ಬಿದ್ದರೆ ಒಂದು ಮೆಟ್ಟಿಲು ಮೇಲಿನದಕ್ಕೆ ಹೋಗಿ. ಕೆಳಗಿನಿಂದ ಮೇಲೆ ಹತ್ತಬಹುದು. ಮೇಲಿನಿಂದ ಇಳಿಯಬೇಕಾದರೆ ಕ್ಯಾಪ್ ಕೊಯ್ಯಬೇಕಾಗುತ್ತದೆ.

ಮೂರು ನಾಲ್ಕು ಇಂಪ್ಲಾಂಟ್ ಸೇರಿಸಿದ ಬ್ರಿಜ್ ಆದರೆ ಇನ್ನೂ ದುರ್ಬಲವಾದದ್ದೇ ಸಾಕು. ನಾಲ್ಕು ಗೂಟದ ಹಿಡಿತ ಕೂಡಿಕೊಳ್ಳುತ್ತದೆ. ಇಲ್ಲಿ ರೆಸಿನ್ ಹಾಕಿ ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ.

ಗಿಡ್ಡ ಗೂಟ, ಅಂಚು ಕಣ್ಣಿಗೆ ಕಾಣುತ್ತಿದೆ, ಸ್ಕ್ರೂ ಪದ್ಧತಿಗೆ ಪೇಶಂಟಿನ ಹತ್ತಿರ ದುಡ್ಡಿಲ್ಲ: ಗೂಟವನ್ನು ಒರಟು ಮಾಡಿ ರೆಸಿನ್ ಅಥವಾ ಪಾಲಿಕಾರ್ಬಾಕ್ಸಿಲೇಟ್. ರಾತ್ರಿ ಹಲ್ಲು ಕಡಿಯುವವರಾದರೆ ಮನಸ್ಸು ಇಬ್ಬಗೆಯಾಗುತ್ತದೆ. ಕ್ಯಾಪ್ ಬೀಳುವ ಸಂಭವ ಜಾಸ್ತಿ ಎಂದು ಗಟ್ಟಿ ಸಿಮೆಂಟಿಗೆ ಕೈ ಹೋಗುತ್ತದೆ. ಆದರೆ ಅವರಲ್ಲೇ ಸ್ಕ್ರೂ ಸಡಿಲವಾಗುವ, ಪಿಂಗಾಣಿ ಒಡೆಯುವ ಸಂಭವವೂ ಜಾಸ್ತಿ, ಅಲ್ವಾ? ಬಿಚ್ಚಲು ಬರಬೇಕಾದದ್ದು ಅವರ ಕ್ಯಾಪೇ. ಅವರಿಗೆ ದುಡ್ಡು ಹೊಂದಿಸಿಕೊಂಡು ಸ್ಕ್ರೂ ಮಾಡಿಸಿ ಎನ್ನುತ್ತೇನೆ.

ಯಾವ ಸಿಮೆಂಟ್ ಆದರೂ ಕ್ಯಾಪ್ ತುಂಬ ಸುರಿಯಬೇಡಿ. ಒಳಗೋಡೆಗೆ ತೆಳುವಾಗಿ ಸವರಿದರೆ ಸಾಕು. ವಾಧ್ವಾನಿಯವರ ಉಪಾಯ ಇನ್ನೂ ಚೆಂದ: ಕ್ಯಾಪಿನೊಳಗೆ ಟೆಫ್ಲಾನ್ ಟೇಪ್ ಹಾಸಿ ಒಳಭಾಗದ ಒಂದು ನಕಲು ಗೂಟ ಮಾಡಿಕೊಳ್ಳುವುದು, ಟೇಪ್ ತೆಗೆದು ಸಿಮೆಂಟ್ ಹಾಕಿದ ಕ್ಯಾಪನ್ನು ಮೊದಲು ಆ ನಕಲಿನ ಮೇಲೆ ಒತ್ತುವುದು. ಹೆಚ್ಚಾದದ್ದು ಹೊರಗೇ ಉಕ್ಕುತ್ತದೆ, ಒರೆಸಿ ಬಾಯಿಗೆ ಹಾಕಬಹುದು. ಪ್ಲಂಬರ್ ಅಂಗಡಿಯ ಟೇಪೇ ಆಗುತ್ತದೆ, ಬಾಯೊಳಗೆ ಬಳಸುವುದಾದರೆ ಆಟೊಕ್ಲೇವಿನ ಬಿಸಿ ಹಬೆಯಲ್ಲಿ ಶುದ್ಧ ಮಾಡಿ. ಒಳಸ್ಕ್ರೂವಿನ ತಲೆ ಮುಚ್ಚಲು ಹತ್ತಿ ತುರುಕುವ ಬದಲು ಅದೇ ಟೇಪ್ ತುಂಬಿದರೆ ಬಿಚ್ಚಿದಾಗ ನಾತವೂ ಬರುವುದಿಲ್ಲ. ಅಂಚು ವಸಡಿನಿಂದ 1 ಮಿ.ಮೀ.ಗಿಂತ ಕೆಳಗಿದ್ದರೆ ಎಂಥ ಕೈಚಳಕದವರಿಂದಲೂ ಸಿಮೆಂಟ್ ಪೂರ್ತಿ ತೆಗೆಯಲಾಗದು ಎಂದು ಲಿಥುವೇನಿಯಾದ ಲಿಂಕೆವಿಚ್ಯುಸ್ ಅವರ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಕೂರಿಸಿದ ದಿನವೇ ಒಂದು ಎಕ್ಸ್‌ರೇ ತೆಗೆಯಿರಿ.

ಪೇಶಂಟ್‌ಗಳಿಗೆ ಒಂದು ಮಾತು. ಕ್ಯಾಪ್ ಬಿದ್ದರೆ ತೊಳೆದು ಡಬ್ಬಿಯಲ್ಲಿಟ್ಟುಕೊಂಡು ಬನ್ನಿ. ಅಂಗಡಿಯ ಗಮ್ ಹಾಕಿ ನೀವೇ ಅಂಟಿಸಿಕೊಂಡರೆ ಆಮೇಲೆ ಕ್ಯಾಪ್ ನೆಟ್ಟಗೆ ಕೂರುವುದಿಲ್ಲ, ವಸಡೂ ಸುಡುತ್ತದೆ. ಸುಮ್ನೆ ಬಾಯಲ್ಲಿ ಸಿಕ್ಕಿಸಿಕೊಂಡು ಮಲಗಲೂ ಬೇಡಿ, ನಿದ್ದೆಯಲ್ಲಿ ನುಂಗಿಬಿಡುತ್ತೀರಿ.

ಇನ್ನು, ಮಕ್ಕಳ ಮನೆಗೆಂದು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಆರು ತಿಂಗಳಿಗೆ ಹೊರಟ ಹಿರಿಯರು ಬಂದರೆ ನನ್ನ ಲೆಕ್ಕ ಬೇರೆ. ಅಲ್ಲಿ ಕ್ಯಾಪ್ ಬಿದ್ದರೆ ಅಂಟಿಸುವ ಖರ್ಚು ಕೇಳಿಯೇ ಅವರ ಬಾಯಿ ಒಣಗುತ್ತದೆ. ಅಂಥವರಿಗೆ ಹೊರಡುವ ಮೊದಲು ಒಂದು ಮೆಟ್ಟಿಲು ಗಟ್ಟಿಯಾದದ್ದನ್ನೇ ಹಾಕಿ, ಯಾವ ಇಂಪ್ಲಾಂಟ್, ಯಾವ ಅಬಟ್ಮೆಂಟ್, ಯಾವ ಸಿಮೆಂಟ್, ಯಾವ ದಿನ ಎಂದು ಚೀಟಿ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ ಅನ್ನುತ್ತೇನೆ. ಅಲ್ಲಿನ ಡಾಕ್ಟರು ಕ್ಯಾಪ್ ಬಿಚ್ಚಬೇಕಾಗಿ ಬಂದರೆ ರಿಮೂವರ್ ಹಿಡಿಯಬೇಕೋ ಡ್ರಿಲ್ ಹಿಡಿಯಬೇಕೋ ಎಂದು ಆ ಚೀಟಿ ನೋಡಿದರೆ ಗೊತ್ತಾಗುತ್ತದೆ.